ಹಳೇ ಅಂಗಡಿಗಳ ಫೋಟೋ: ಬಾಗಿಲು ತೆರೆಯುವ ಮೊದಲೋ, ತೆರೆದ ಮೇಲೋ?

ಮುಂಜಾವು_35

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ಮನೆ ಓದ್ತಾ ಇದ್ದವನು, ಈಗ ಬಾಯಿ ಬಿಡ್ತಿದ್ದೀನಿ. ನಾನಿರೋ ಕಡೆಯ ಹಳೇ ಅಂಗಡಿಗಳ ಫೋಟೋ ತೆಗೆದಿಡಬೇಕು ಅಂತ ಮನಸ್ಸು ಮಾಡಿದ್ದೀನಿ. ಗಡಿಯಾರ ರಿಪೇರಿ, ದರ್ಜಿ, ಬೀಗದ ಕೈ ಮಾಡೋರು, ಪುಸ್ತಕ ಬೈಂಡಿಂಗ್, ಪೇಂಟ್ ಅಂಗಡಿ, ಕಟಿಂಗ್ ಶಾಪ್, ಹೀಗೆ. ಊರಿನ ಹೆಸರು ಹೇಳಲ್ಲ, ಹೇಳಿದರೂ ವ್ಯತ್ಯಾಸ ಆಗಲ್ಲ. ಬೆಳೀತಿರೋ ಯಾವ ಊರಿಗೆ ಹೋದರೂ ಇದೇ ಪಾಡು. ರಸ್ತೆ ಅಗಲವಾಗುತ್ತೆ, ಬಾಡಿಗೆ ಏರುತ್ತೆ, ಮಕ್ಕಳು ಬೇರೆ ಉದ್ಯೋಗ ಹಿಡೀತಾರೆ, ಒಂದು ದಿನ ನೋಡಿದರೆ ಬೋರ್ಡೇ ಇರಲ್ಲ.

ನನ್ನ ಲೆಕ್ಕಾಚಾರ ಹೀಗಿದೆ. ಅಂಗಡಿ ತೆಗೆಯೋ ಮುಂಚೆ, ಬೆಳಿಗ್ಗೆ ಆರರ ಸುಮಾರಿಗೆ ಹೋಗೋದು. ಅಡ್ಡ ನಿಂತ ಗಾಡಿ ಇರಲ್ಲ, ಜನ ಇರಲ್ಲ, ಬೆಳಕು ಮೆತ್ತಗಿರುತ್ತೆ. ಪ್ರತಿ ಅಂಗಡಿಯನ್ನೂ ಎದುರಿಗೇ ನಿಂತು, ಒಂದೇ ಲೆನ್ಸಲ್ಲಿ, ಒಂದೇ ಅಳತೆಯಲ್ಲಿ ತೆಗೆಯೋದು. ಎಲ್ಲ ಸೇರಿಸಿ ಸಾಲಾಗಿ ಇಟ್ಟಾಗ ಒಂದು ಬೀದಿ ಎದ್ದು ಬರಬೇಕು ಅನ್ನೋದು ಆಸೆ. ಫುಲ್ ಫ್ರೇಮ್ ಕ್ಯಾಮೆರಾ (ಚಿತ್ರ ಹಿಡಿಯೋ ಸೆನ್ಸರು ಹಳೇ ಫಿಲ್ಮಿನಷ್ಟೇ ದೊಡ್ಡದು), 35 ಮಿಮೀ ಲೆನ್ಸ್ ಇದೆ. ಶೋಕೇಸಿನ ಗಾಜಲ್ಲಿ ಎದುರಿನ ಕಟ್ಟಡವೆಲ್ಲ ಕಾಣುತ್ತಲ್ಲ, ಅದಕ್ಕೆ ಪೋಲರೈಸರ್ (ಪ್ರತಿಬಿಂಬ ಕಡಿಮೆ ಮಾಡೋಕೆ ಲೆನ್ಸಿನ ಮುಂದೆ ಹಾಕೋ ಫಿಲ್ಟರ್) ತಗೊಳ್ಳಬೇಕಾ? ಮತ್ತೆ ಹೊರಗಿಂದ ತೆಗೆಯೋದಕ್ಕೂ ಅನುಮತಿ ಕೇಳಬೇಕಾ?

ನಿಧಾನಶಟರ್

ಒಳ್ಳೇ ಕೆಲಸ, ಶುರು ಮಾಡಿ. ಮೊದಲು ಲೆನ್ಸಿನ ವಿಷಯ. ಫುಲ್ ಫ್ರೇಮಲ್ಲಿ 35 ಮಿಮೀ ಅಂದರೆ ನೀವು ಎಷ್ಟು ದೂರ ನಿಂತಿದ್ದೀರೋ ಹೆಚ್ಚುಕಡಿಮೆ ಅಷ್ಟೇ ಅಗಲ ಚೌಕಟ್ಟಿಗೆ ಬರುತ್ತೆ. ನಾಲ್ಕು ಮೀಟರ್ ಅಗಲದ ಅಂಗಡಿಗೆ ಐದು ಮೀಟರ್ ಹಿಂದೆ ಸರಿಯೋ ಜಾಗ ಬೇಕು, ಯಾಕಂದರೆ ಸುತ್ತ ಸ್ವಲ್ಪ ಬಿಡಲೇಬೇಕು. ಹಳೇ ಬೀದಿಗಳಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? 24 ಮಿಮೀ ಆದರೆ ನಿಂತ ದೂರದ ಒಂದೂವರೆ ಪಟ್ಟು ಅಗಲ ಸಿಗುತ್ತೆ, ಅದನ್ನೂ ಚೀಲದಲ್ಲಿ ಇಟ್ಕೊಳ್ಳಿ.

ಬೋರ್ಡು ಮೇಲಿರುತ್ತೆ, ಅದು ಸಿಗಲಿ ಅಂತ ಕ್ಯಾಮೆರಾ ಮೇಲಕ್ಕೆ ಎತ್ತಿದ ಕೂಡಲೇ ಗೋಡೆಗಳು ಒಳಕ್ಕೆ ವಾಲುತ್ತವೆ. ಸೆನ್ಸರು ಗೋಡೆಗೆ ಸಮಾನಾಂತರವಾಗಿ ಇರಬೇಕು, ಅಷ್ಟೇ ಗುಟ್ಟು. ಶಿಫ್ಟ್ ಲೆನ್ಸ್ ಇದ್ದವರು ಕ್ಯಾಮೆರಾ ನೇರವಾಗಿಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸ್ತಾರೆ. ಇಲ್ಲದವರು ಸ್ವಲ್ಪ ಹಿಂದೆ ಹೋಗಿ, ಕ್ಯಾಮೆರಾ ನೆಟ್ಟಗೆ ಹಿಡಿದು ತೆಗೆದು, ಕೆಳಗಿನ ರಸ್ತೆಯನ್ನು ಕತ್ತರಿಸಬಹುದು. ಕಂಪ್ಯೂಟರಲ್ಲೂ ನೆಟ್ಟಗೆ ಮಾಡಬಹುದು, ಆದರೆ ಅಂಚುಗಳು ಹೋಗುತ್ತವೆ. ಬೋರ್ಡಿನ ಕೊನೆಯ ಅಕ್ಷರ ಅಲ್ಲೇ ಇರುತ್ತೆ ಅನ್ನೋದು ನೆನಪಿರಲಿ.

ಪೋಲರೈಸರ್ ಬಗ್ಗೆ ಎಲ್ಲರೂ ಕಣ್ಣು ಮುಚ್ಚಿ ಹೂಂ ಅಂತಾರೆ. ನಿಮ್ಮ ಕೆಲಸಕ್ಕೆ ಅದು ಹೆಚ್ಚುಕಡಿಮೆ ದಂಡ. ಗಾಜಿನ ಪ್ರತಿಬಿಂಬವನ್ನು ಅದು ಚೆನ್ನಾಗಿ ಕಡಿಯೋದು ನೀವು ಓರೆಯಾಗಿ ನಿಂತಾಗ, ಗಾಜಿನ ಮೇಲ್ಮೈಗೆ ಸುಮಾರು 34 ಡಿಗ್ರಿ ಕೋನದಲ್ಲಿ. ಎದುರಿಗೇ ನಿಂತರೆ ಏನೂ ಮಾಡಲ್ಲ, ಸುಮ್ಮನೆ ಒಂದೂವರೆ ಸ್ಟಾಪ್ ಬೆಳಕು ತಿನ್ನುತ್ತೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯೋದು). ಎದುರಿನಿಂದಲೇ ತೆಗೆಯೋದಾದರೆ ಇರೋ ಉಪಾಯ ಎರಡೇ. ಒಳಗಡೆ ದೀಪ ಹತ್ತಿದ ಮೇಲೆ, ಹೊರಗಿನ ಬೆಳಕು ಇಳಿಯೋ ಸಂಜೆ ಹೊತ್ತಿಗೆ ತೆಗೆಯೋದು. ಇಲ್ಲಾಂದರೆ ಕ್ಯಾಮೆರಾ ಹಿಂದೆ ಒಂದು ದೊಡ್ಡ ಕಪ್ಪು ಬಟ್ಟೆ ಹಿಡಿಸೋದು.

ಇನ್ನೊಂದು ಮಾತು, ಪ್ರತಿಬಿಂಬ ಯಾವಾಗಲೂ ಶತ್ರು ಅಲ್ಲ. ಎದುರಿಗೆ ಏಳ್ತಿರೋ ಹೊಸ ಕಟ್ಟಡ ಹಳೇ ಅಂಗಡಿಯ ಗಾಜಲ್ಲಿ ಬಂದರೆ ಬರಲಿ ಬಿಡಿ. ನಿಮ್ಮ ವಿಷಯವೇ ಅದಲ್ಲವಾ?

ಕೌಂಟರ್_ಹಿಂದಿನವ

ನಮ್ಮದೂ ಅಂಥದೇ ಒಂದು ಅಂಗಡಿ. ಅಪ್ಪ ಕೂತಿದ್ದ ಜಾಗದಲ್ಲಿ ಈಗ ನಾನು ಕೂರ್ತೀನಿ. ಏನು ಅಂಗಡಿ ಅಂತ ಬರೆಯಲ್ಲ.

ಮುಂಜಾವು ಅವರೇ, ಒಂದು ಕೇಳಲಾ? ಬೆಳಿಗ್ಗೆ ಆರಕ್ಕೆ ಬರೋದು ಬೆಳಕು ಚೆನ್ನಾಗಿರುತ್ತೆ ಅಂತಲೋ, ನಮ್ಮ ಜೊತೆ ಮಾತಾಡೋದು ತಪ್ಪುತ್ತೆ ಅಂತಲೋ?

ಬೇಜಾರು ಮಾಡ್ಕೋಬೇಡಿ, ಬರೋ ಫೋಟೋಗ್ರಾಫರುಗಳನ್ನೆಲ್ಲ ನೋಡಿ ಕೇಳ್ತಿದ್ದೀನಿ. ಶಟರ್ ಎಳೆದ ಮೇಲೆ ನನ್ನ ಅಂಗಡಿಗೂ ಪಕ್ಕದ ಗೋಡೌನಿಗೂ ಏನು ವ್ಯತ್ಯಾಸ? ತುಕ್ಕು, ಸುಲಿದ ಬಣ್ಣ, ಅಂಟಿಸಿದ ಪೋಸ್ಟರು. ಅದನ್ನು ತೆಗೆದು ಕೆಳಗೆ "ಮರೆಯಾಗುತ್ತಿರುವ ಬದುಕು" ಅಂತ ಬರೀತಾರೆ. ಮರೆಯಾಗಿಲ್ಲ ಸ್ವಾಮಿ, ಒಂಬತ್ತೂವರೆಗೆ ಬಾಗಿಲು ತೆಗೀತೀವಿ.

ಅಂಗಡಿ ಅಂದರೆ ಯಾವ ಸಾಮಾನು ಕೈಗೆ ಸಿಗೋ ಹಾಗೆ ಇದೆ, ಯಾವುದಕ್ಕೆ ಏಣಿ ಹಾಕಬೇಕು, ಗಿರಾಕಿ ಎಲ್ಲಿ ನಿಲ್ತಾನೆ, ಬರೀ ಹರಟೆಗೆ ಬಂದವನು ಎಲ್ಲಿ ಕೂರ್ತಾನೆ ಅನ್ನೋದು. ಅದು ಹೊರಗಿಂದ ಕಾಣಲ್ಲ. ಅಪ್ಪ ಜೋಡಿಸಿದ ಕಪಾಟಿನ ಕ್ರಮ ಇವತ್ತಿಗೂ ಹೊರಗಿನವರಿಗೆ ಅರ್ಥ ಆಗಲ್ಲ. ಯಾವುದು ಹೆಚ್ಚು ಖರ್ಚಾಗುತ್ತೋ ಅದು ಬಲಗೈ ಪಕ್ಕ, ವರ್ಷಕ್ಕೊಂದು ಸಲ ಕೇಳೋದು ಅಟ್ಟದ ಮೇಲೆ. ಅಂಗಡಿ ಮುಚ್ಚಿದರೆ ಮೊದಲು ಹೋಗೋದು ಆ ಕ್ರಮ. ಕಟ್ಟಡ ಇನ್ನೂ ಹತ್ತು ವರ್ಷ ಇದ್ದರೂ ಇರಬಹುದು.

ಮತ್ತೆ ನಮ್ಮ ಕೌಂಟರಲ್ಲಿ ಕ್ಯೂಆರ್ ಕೋಡ್ ಇದೆ, ಎಲ್‌ಇಡಿ ಬೋರ್ಡಿದೆ, ಸಿಸಿ ಕ್ಯಾಮೆರಾ ಇದೆ. ಫೋಟೋಗ್ರಾಫರುಗಳು "ಅದನ್ನು ಸ್ವಲ್ಪ ಪಕ್ಕಕ್ಕಿಡ್ತೀರಾ" ಅಂತಾರೆ. ಯಾಕೆ ಇಡಬೇಕು? ನಾವು ಹಳಬರ ಹಾಗೆ ಕಾಣಬೇಕು ಅನ್ನೋದು ಅವರ ಹಟ.

ಕಡತದಕ್ಕ

ಕೌಂಟರ್ ಅವರ ಮಾತು ಖಾರ, ಆದರೆ ಸರಿಯಾದ ಜಾಗಕ್ಕೇ ಬಿದ್ದಿದೆ. ನಾನು ಹಳೆಯ ಫೋಟೋಗಳನ್ನು ವಿಂಗಡಿಸಿ, ವಿವರ ಬರೆದು, ಡಬ್ಬಿಗೆ ಹಾಕುವ ಕೆಲಸದವಳು. ಆ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಈ ಹಂಬಲ ಹೊಸದಲ್ಲ. 1875ರಲ್ಲಿ ಲಂಡನ್ನಿನಲ್ಲಿ ಆಕ್ಸ್‌ಫರ್ಡ್ ಆರ್ಮ್ಸ್ ಎಂಬ ಹಳೆಯ ಛತ್ರವನ್ನು ಕೆಡವಲು ಹೊರಟಾಗ, ಕೆಲವರು ಸೇರಿ ಅದರ ಫೋಟೋ ತೆಗೆಸಿದರು. ಅದು ಅಲ್ಲಿಗೇ ನಿಲ್ಲಲಿಲ್ಲ. ಹಳೆಯ ಲಂಡನ್ನಿನ ಕುರುಹುಗಳನ್ನು ದಾಖಲಿಸುವ ಒಂದು ಸಂಘವೇ ಆಗಿ, 1886ರವರೆಗೆ 120 ಚಿತ್ರ ಹೊರತಂದಿತು. ಮಾಸದೆ ಉಳಿಯಲಿ ಎಂದು ಅವನ್ನೆಲ್ಲ ಕಾರ್ಬನ್ ಪ್ರಿಂಟ್ ಮಾಡಿಸಿದ್ದರು. ಅಂದರೆ ಚಿತ್ರ ತೆಗೆಯುವ ಹೊತ್ತಿಗೇ ನೂರು ವರ್ಷದ ನಂತರ ನೋಡುವವರ ಯೋಚನೆ ಇತ್ತು.

ಪ್ಯಾರಿಸ್ಸಿನ ಯುಜೀನ್ ಅಜೆ ನಿಮಗೆಲ್ಲ ಗೊತ್ತಿರುವವನೇ. 1857ರಲ್ಲಿ ಹುಟ್ಟಿದವನು, ಮೊದಲು ನಾಟಕದ ನಟ. 1890ರ ದಶಕದ ಕೊನೆಯಿಂದ 1927ರಲ್ಲಿ ಸಾಯುವವರೆಗೂ ಹಳೆಯ ಪ್ಯಾರಿಸ್ಸಿನ ಬೀದಿ, ಅಂಗಳ, ಅಂಗಡಿಗಳನ್ನು 18×24 ಸೆಂಟಿಮೀಟರಿನ ಗಾಜಿನ ಪ್ಲೇಟುಗಳ ಮೇಲೆ ತೆಗೆದ. ಮುಂಜಾವು ಅವರಿಗೆ ಸಮಾಧಾನ ಆಗಲಿ ಎಂದು ಹೇಳುತ್ತೇನೆ, ಅವನೂ ಎಷ್ಟೋ ಸಲ ಬೆಳ್ಳಂಬೆಳಿಗ್ಗೆಯೇ ಹೋಗುತ್ತಿದ್ದ. ಆದರೆ ಅವನ ಅಂಗಡಿ ಚಿತ್ರಗಳನ್ನು ಸಾವಕಾಶವಾಗಿ ನೋಡಿ. ಕೆಲವು ಚಿತ್ರಗಳಲ್ಲಿ ಬಾಗಿಲಿನ ಗಾಜಿನ ಹಿಂದೆ ಅಂಗಡಿಯವರು ಇಣುಕುತ್ತಿರುತ್ತಾರೆ. ಅದರ ಮೇಲೇ ಕ್ಯಾಮೆರಾದ ಪ್ರತಿಬಿಂಬವೂ ಬಿದ್ದಿರುತ್ತದೆ. ತನ್ನ ಚಿತ್ರಗಳನ್ನು ಅವನು ಕಲೆ ಎನ್ನಲಿಲ್ಲ, ದಾಖಲೆ ಎಂದ. ಗ್ರಂಥಾಲಯಗಳಿಗೆ, ಮ್ಯೂಸಿಯಂಗಳಿಗೆ, ಚಿತ್ರಕಾರರಿಗೆ ಮಾರಿದ.

ಮಾರುವ ವಸ್ತುವಾದ್ದರಿಂದ ನಂಬರು, ಜಾಗದ ಹೆಸರು ಬರೆದಿಡಲೇಬೇಕಿತ್ತು. ಇವತ್ತು ನಾವು ಅವನ ಚಿತ್ರ ನೋಡಿ ಇದು ಯಾವ ಬೀದಿ ಎಂದು ಹೇಳಲು ಸಾಧ್ಯವಾಗಿರುವುದು ಆ ಕೈಬರಹದಿಂದ. ಹಾಗಾಗಿ ನನ್ನ ಬೇಡಿಕೆ ಒಂದೇ. ಫೋಟೋ ಹೇಗಾದರೂ ತೆಗೆಯಿರಿ, ಆದರೆ ಜೊತೆಗೆ ಬರೆಯಿರಿ. ಯಾವ ಅಂಗಡಿ, ಯಾವ ಬೀದಿ, ಯಾವ ತಾರೀಕು, ಯಾವ ದಿಕ್ಕಿಗೆ ನೋಡುತ್ತಿದೆ, ಆಗ ಅದನ್ನು ನಡೆಸುತ್ತಿದ್ದವರು ಯಾರು (ಅವರು ಒಪ್ಪಿದರೆ), ಸ್ವಂತದ್ದೋ ಬಾಡಿಗೆಯದೋ, ಏನೇನು ಸಿಗುತ್ತಿತ್ತು. ವಿವರ ಇಲ್ಲದ ಚೆಂದದ ಫೋಟೋಗಳ ಡಬ್ಬಿಗಳು ನನ್ನ ಬೆನ್ನ ಹಿಂದೆ ಸಾಲಾಗಿವೆ. ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ.

ನಿಧಾನಶಟರ್

ಅಕ್ಕ, ಅಜೆ ಹೆಸರು ಬಂತಲ್ಲ, ಮೇಲಿನ ಶಿಫ್ಟ್ ವಿಷಯಕ್ಕೆ ಒಂದು ಸೇರಿಸ್ತೀನಿ. ಅವನ ಎಷ್ಟೋ ಚಿತ್ರಗಳ ಮೇಲಿನ ಎರಡು ಮೂಲೆಗಳು ಕಪ್ಪಗೆ ದುಂಡಗೆ ಇರುತ್ತವೆ. ಕಟ್ಟಡ ನೆಟ್ಟಗೆ ಬರಲಿ ಅಂತ ಲೆನ್ಸನ್ನು ಮೇಲಕ್ಕೆ ಸರಿಸಿ ಸರಿಸಿ, ಅದರ ಬೆಳಕಿನ ವೃತ್ತ ಪ್ಲೇಟಿಗೆ ಸಾಲದೆ ಹೋಗಿರೋದು. ಬೋರ್ಡು ಪೂರ್ತಿ ಸಿಕ್ಕರೆ ಸಾಕು, ಮೂಲೆ ಹಾಳಾದರೆ ಆಗಲಿ ಅನ್ನೋ ಲೆಕ್ಕ. ಈಗಿನವರು ಅಂಥ ಮೂಲೆ ಬರಲಿ ಅಂತ ಫಿಲ್ಟರ್ ಹಾಕ್ತಾರೆ!

ಉಪ್ಪುಖಾರ

ಎಲ್ಲರೂ ಇಷ್ಟು ಭಾವುಕರಾಗೋದು ಯಾಕೆ ಅಂತ ಅರ್ಥ ಆಗ್ತಿಲ್ಲ. 2007ರಿಂದ ಗೂಗಲ್ ಸ್ಟ್ರೀಟ್ ವ್ಯೂ ಇದೆ. ಕಾರು ಹೋದ ಬೀದಿಯ ಅಂಗಡಿಗಳ ಮುಖವೆಲ್ಲ ಅದರಲ್ಲಿದೆ. 2014ರಿಂದ ಹಳೇ ವರ್ಷಗಳ ಚಿತ್ರವನ್ನೂ ಹಿಂದಕ್ಕೆ ಹೋಗಿ ನೋಡಬಹುದು. ಮುಂಜಾವು ಸರ್ ಹೇಳ್ತಿರೋ "ಎದುರಿಗೆ ನಿಂತು ಒಂದೇ ಅಳತೆ" ಕೆಲಸ ಕಾರು ಮಾಡಿ ಮುಗಿಸಿದೆ. ಇನ್ನು ಅಂಗಡಿ ಮುಚ್ಚೋದು. ಜನ ಹೋಗಲ್ಲ, ಅದಕ್ಕೆ ಮುಚ್ಚುತ್ತೆ. ಫೋಟೋ ತೆಗೆದವರಲ್ಲಿ ಎಷ್ಟು ಜನ ಅಲ್ಲಿ ವ್ಯಾಪಾರ ಮಾಡಿದ್ದಾರೆ?

ಕೌಂಟರ್_ಹಿಂದಿನವ

ಕೊನೇ ಪ್ರಶ್ನೆಗೆ ನನ್ನ ಪೂರ್ತಿ ಓಟು.

ಕಡತದಕ್ಕ

ಉಪ್ಪುಖಾರ ಅವರೇ, ಹೊರಮುಖದ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಅದು ಕಾರಿನ ನೆತ್ತಿಯ ಮೇಲಿನ ಕಣ್ಣು. ಗಾಡಿ ಹೋಗದ ಓಣಿಗೆ, ಮೆಟ್ಟಿಲ ಕೆಳಗಿನ ಅಂಗಡಿಗೆ ಕಾರಿನಿಂದ ದಾರಿಯಿಲ್ಲ. ಲಾರಿ ಅಡ್ಡ ಬಂದರೆ ಆ ವರ್ಷದ ದಾಖಲೆ ಲಾರಿಯದೇ. ಅದಕ್ಕಿಂತ ಮುಖ್ಯವಾಗಿ, ಅದನ್ನು ಇಟ್ಟುಕೊಂಡಿರುವುದು ಒಂದು ಕಂಪನಿ. ಎಲ್ಲಿಯವರೆಗೆ ಇಡುತ್ತದೆ ಎನ್ನುವುದು ಅವರ ಇಷ್ಟ.

ನೀವು ಹೇಳಿದ್ದರಿಂದ ಒಂದು ತೀರ್ಮಾನಕ್ಕೆ ಬರಬಹುದು. ಯಂತ್ರ ಮಾಡುವುದನ್ನು ಯಂತ್ರ ಮಾಡಲಿ, ಮುಂಜಾವು ಅವರು ಒಳಗೆ ಹೋಗಲಿ.

ಗಿರಣಿಓಣಿ

ಒಳಗ ಹೋಗೋ ವಿಚಾರ ಬಂತಲ್ರಿ, ಅದಕ್ಕ ಬರಿಯಾಕತ್ತೀನಿ. ಒಳಗ ಹೋದಮ್ಯಾಲೆ ನಿಮ್ಮ ಆಟ ಪೂರಾ ಬ್ಯಾರೇನ ಐತಿ. ಬಾಗಿಲ ಕಡೆಯಿಂದ ಬಿಸಿಲಿನ ನೀಲಿ ಬೆಳಕು, ತಲಿಮ್ಯಾಲೆ ಟ್ಯೂಬ್‌ಲೈಟಿನ ಹಸುರು, ಗಲ್ಲಾದ ಹತ್ರ ಒಂದು ಹಳದಿ ಬಲ್ಬು. ಮೂರೂ ಒಂದ ಫೋಟೋದಾಗ. ಯಾವ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕ ಕ್ಯಾಮೆರಾ ಹೊಂದಿಸೂದು) ಇಟ್ರೂ ಎರಡು ತಪ್ಪತಾವ. ರಾ ಫೈಲ್‌ನ್ಯಾಗ (ಕ್ಯಾಮೆರಾ ಬಣ್ಣ ತಿದ್ದದ ಮೂಲ ಫೈಲು) ತಗೀರಿ, ಮನಿಶ್ಯಾನ ಮುಖದ ಮ್ಯಾಲೆ ಬಿದ್ದ ಬೆಳಕಿಗೆ ಹೊಂದಿಸ್ರಿ, ಉಳದದ್ದು ಬಿಟ್ಟಬಿಡ್ರಿ. ಎಲ್ಲಾ ಬಣ್ಣ ಸರಿ ಮಾಡಾಕ ಹೋದ್ರ ಅಂಗಡಿ ದವಾಖಾನಿ ಕಂಡಂಗ ಕಾಣತೈತಿ.

ಫ್ಲ್ಯಾಶ್ ಹೊಡೀಬ್ಯಾಡ್ರಿ. ಒಳಗಿನ ಕತ್ತಲಿನೂ ಅಂಗಡಿದ ಭಾಗನ. ಟ್ರೈಪಾಡ್ ಇಡಾಕ ಜಾಗ ಇರೂದಿಲ್ಲ, ಗಿರಾಕಿ ಎಡವ್ತಾರ. ಕಪಾಟಿಗೆ ಬೆನ್ನು ಆನಿಸಿ, ಉಸಿರು ಹಿಡದು ತಗೀರಿ. ಹೊರಗಿನ ಬಿಸಿಲು ಪೂರ್ತಿ ಬೆಳ್ಳಗಾಗಿ ಹೋದ್ರ ಒಂದು ಕಡಿಮಿ, ಒಂದು ಹೆಚ್ಚು ಎಕ್ಸ್‌ಪೋಜರ್ ತಗೊಂಡು ಕೂಡಿಸಬಹುದು, ಆದ್ರ ಮನಿಶ್ಯಾರು ಅಲುಗಾಡ್ತಾರ ಅಂಬೋದು ನೆನಪಿರ್ಲಿ.

ಮೊಬೈಲ್‌ನ್ಯಾಗ ತಗದ್ರ ನಡೀತೈತೇನ್ರಿ ಅಂತ ಕೇಳಾವ್ರು ಇದ್ರ, ನಡೀತೈತ್ರಿ. ದೊಡ್ಡ ಕ್ಯಾಮೆರಾ ನೋಡಿದ ಕೂಡ್ಲೇ ಮಂದಿ ಬಿಗಿಯಾಗ್ತಾರ.

ಹಾಳೆಮಗುಚಿ

ಯಾರೂ ಹೇಳದ ಒಂದು ವಿಷಯ. ಒಳಗೆ ಹೋಗಿ ತೆಗೆಯುವವರು ಗೋಡೆ, ಕೌಂಟರು ಎಲ್ಲ ಒಮ್ಮೆ ಕಣ್ಣಾಡಿಸಿ. ಈಗಿನ ಕ್ಯಾಮೆರಾಗಳಲ್ಲಿ ತೆಗೆದದ್ದನ್ನು ಹಿಗ್ಗಿಸಿದರೆ ತೆರೆದಿಟ್ಟ ಉದ್ರಿ ಪುಸ್ತಕದಲ್ಲಿ ಯಾರ ಬಾಕಿ ಎಷ್ಟು ಅಂತ ಓದಬಹುದು. ದರ್ಜಿಯ ಅಳತೆ ಪುಸ್ತಕದಲ್ಲಿ ಹೆಂಗಸರ ಹೆಸರು, ಫೋನ್ ನಂಬರು ಇರುತ್ತೆ. ಬೀಗದ ಕೈ ಅಂಗಡಿಯಲ್ಲಿ ನೇತು ಹಾಕಿದ ಕೀಲಿಯ ಹಲ್ಲು ಫೋಟೋದಲ್ಲಿ ಸ್ಪಷ್ಟವಾಗಿ ಬಂದರೆ, ಅದನ್ನೇ ನೋಡಿ ನಕಲು ಮಾಡುವುದು ಅಸಾಧ್ಯವೇನಲ್ಲ. ಕ್ಯೂಆರ್ ಕೋಡ್ ಇರಲಿ, ಆದರೆ ಸ್ಕ್ಯಾನ್ ಆಗದಷ್ಟು ಮಸುಕು ಮಾಡಿ ಪ್ರಕಟಿಸಿ. ಮೂಲ ಫೈಲು ಮಾತ್ರ ಮುಟ್ಟದೆ ಇಟ್ಟುಕೊಳ್ಳಿ.

ಅನುಮತಿ ಬಗ್ಗೆ ಕೇಳಿದ್ದಿರಿ. ರಸ್ತೆಯಲ್ಲಿ ನಿಂತು ಕಟ್ಟಡದ ಫೋಟೋ ತೆಗೆಯುವ ಕಾನೂನು ದೇಶದಿಂದ ದೇಶಕ್ಕೆ ಬೇರೆ, ನಿಮ್ಮ ಕಡೆಯದನ್ನು ನೋಡಿಕೊಳ್ಳಿ. ಆದರೆ ಕಾನೂನು ಬಿಡುತ್ತೆ ಅನ್ನುವುದೂ ಅಂಗಡಿಯವರು ಒಪ್ಪಿದ್ದಾರೆ ಅನ್ನುವುದೂ ಒಂದೇ ಅಲ್ಲ. ಕ್ಯಾಮೆರಾ ಹಿಡಿದು ಕಟ್ಟಡ ಅಳೆಯುವ ಹಾಗೆ ನಿಂತವರನ್ನು ಕಂಡರೆ ಅವರಿಗೆ ಮೊದಲು ಬರುವ ಯೋಚನೆ "ಜಾಗದ ಓನರ್ ಕಳಿಸಿದನಾ, ಇಲ್ಲಾ ರಸ್ತೆ ಅಗಲ ಮಾಡುವವರಾ" ಅಂತ. ಖಾಲಿ ಮಾಡಿಸುವ ನೋಟಿಸು ಬರುವ ಮುಂಚೆಯೂ ಹೀಗೇ ಯಾರೋ ಬಂದು ಫೋಟೋ ತೆಗೆದಿರುತ್ತಾರೆ.

ಕೌಂಟರ್_ಹಿಂದಿನವ

ಇದು ನೂರಕ್ಕೆ ನೂರು. ನಮ್ಮ ಸಾಲಿನಲ್ಲಿ ಯಾರಾದರೂ ಫೋಟೋ ತೆಗೆದರೆ ಅವತ್ತು ಸಂಜೆ ಎಲ್ಲರ ಮಾತು ಅದೇ.

ಮತ್ತೊಂದು. ನಮ್ಮ ಅಂಗಡಿಯ ಫೋಟೋ ಒಂದು ದೊಡ್ಡ ಕಾಫಿ ಬಾರಿನ ಗೋಡೆ ಮೇಲೆ ತೂಗು ಹಾಕಿದೆ ಅಂತ ಗಿರಾಕಿಯೊಬ್ಬರು ಬಂದು ಹೇಳಿದರು. ಹೋಗಿ ನೋಡಿದೆ. ಚೆನ್ನಾಗೇ ಇದೆ. ಅಂಗಡಿ ಹೆಸರಿಲ್ಲ, ಅಪ್ಪನ ಹೆಸರಿಲ್ಲ. ನಮ್ಮಂಥವರಿಗೆ ಬಾಡಿಗೆ ಕಟ್ಟೋಕೆ ಆಗದ ಬೀದಿಯಲ್ಲಿ ಅಪ್ಪ ಗೋಡೆ ಮೇಲೆ ಪುಕ್ಕಟೆ ಕೂತಿದ್ದಾರೆ. ತೆಗೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಒಂದು ಪ್ರಿಂಟ್ ಕೊಟ್ಟಿದ್ದರೆ ನಮ್ಮ ಗೋಡೆಗೂ ಒಂದು ಆಗ್ತಿತ್ತು. "ಕಳಿಸ್ತೀನಿ" ಅಂತ ನಂಬರ್ ಬರ್ಕೊಂಡು ಹೋದವರೆಲ್ಲ ಎಲ್ಲಿ ಹೋದರೋ.

ಮುಂಜಾವು_35

ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಕೌಂಟರ್ ಅವರೇ, ಎರಡೂ ಕಾರಣ ಅಂತಲೇ ಇಟ್ಕೊಳ್ಳಿ. ಅಪರಿಚಿತರ ಅಂಗಡಿಗೆ ಹೋಗಿ ಮಾತು ಶುರು ಮಾಡೋದು ನನಗೆ ಸುಲಭ ಅಲ್ಲ. ಆದರೆ ಹೊರಮುಖದ ಸಾಲನ್ನು ಪೂರ್ತಿ ಬಿಡಲ್ಲ. ಸಾಲಾಗಿ ಜೋಡಿಸಿದಾಗ ಕಾಣೋದು ಬಿಡಿಯಾಗಿ ಕಾಣಲ್ಲ: ಒಂದೇ ಪೇಂಟರ್ ಬರೆದ ಬೋರ್ಡುಗಳು, ಮುಂದಕ್ಕೆ ಚಾಚಿದ ತಗಡಿನ ಮಾಡು, ಯಾವ ಅಂಗಡಿ ನೆಲ ರಸ್ತೆಗಿಂತ ಕೆಳಗಿಳಿದಿದೆ ಅನ್ನೋದು. ರಸ್ತೆಗೆ ಡಾಂಬರು ಹಾಕಿ ಹಾಕಿ ಎತ್ತರಿಸಿದ್ದೆಲ್ಲ ಹೊಸ್ತಿಲಲ್ಲಿ ಗೊತ್ತಾಗುತ್ತೆ. ಅದಕ್ಕೆ ಈಗ ಯೋಚನೆ ಮಾಡಿರೋದು, ಪ್ರತಿ ಅಂಗಡಿಗೂ ಬಾಗಿಲು ತೆರೆದಿರೋವಾಗ ಹೊರಗಿಂದ ಒಂದು, ಕೌಂಟರ್ ಈಚೆಯಿಂದ ಒಂದು, ಬಿಟ್ಟರೆ ಕೌಂಟರ್ ಆಚೆಯಿಂದ ಒಂದು.

ಇನ್ನೊಂದು ಪ್ರಶ್ನೆ. ಕೆಲವು ವರ್ಷ ಬಿಟ್ಟು ಅದೇ ಜಾಗದಿಂದ ಮತ್ತೆ ತೆಗೀಬೇಕು ಅಂದರೆ ಈಗಲೇ ಏನೇನು ಬರೆದಿಡಬೇಕು?

ಕಡತದಕ್ಕ

ಕೌಂಟರ್ ಆಚೆಯಿಂದ ಒಂದು, ಅಂದರೆ ಅಂಗಡಿಯವರಿಗೆ ದಿನವೂ ಕಾಣುವ ಬೀದಿ. ಯಾರೂ ತೆಗೆಯದ ಚಿತ್ರ ಅದು. ಅದನ್ನು ಬಿಡಬೇಡಿ.

ಮತ್ತೆ ತೆಗೆಯುವ ಕೆಲಸಕ್ಕೆ ಒಳ್ಳೆಯ ಮಾದರಿ ಇದೆ. ಅಜೆ ಸತ್ತ ಮರುವರ್ಷ, 1928ರಲ್ಲಿ, ಅವನ ಬಳಿ ಉಳಿದಿದ್ದ ಚಿತ್ರಗಳ ರಾಶಿಯನ್ನು ಕೊಂಡು ಉಳಿಸಿದವಳು ಬೆರೆನೀಸ್ ಅಬಟ್ ಎಂಬ ಅಮೆರಿಕದ ಛಾಯಾಗ್ರಾಹಕಿ. ಆಮೇಲೆ ನ್ಯೂಯಾರ್ಕಿಗೆ ಮರಳಿ, 1935ರಿಂದ 1939ರವರೆಗೆ ಸರ್ಕಾರದ ಕಲಾ ಯೋಜನೆಯಡಿ ಬದಲಾಗುತ್ತಿದ್ದ ಆ ನಗರವನ್ನು ತೆಗೆದಳು. 1938ರ ಒಂದು ಚಿತ್ರದಲ್ಲಿ ಬೌವರಿ ಬೀದಿಯ ಹಾರ್ಡ್‌ವೇರ್ ಅಂಗಡಿ ಇದೆ, ಸಾಮಾನು ಅಂಗಡಿಯ ಮೈತುಂಬ ನೇತಾಡುತ್ತದೆ. ಆ ಯೋಜನೆಯಲ್ಲಿ ಕಟ್ಟಡಗಳ ಹಿನ್ನೆಲೆ ಹುಡುಕಿ ಬರೆಯಲು ಬೇರೆಯೇ ಸಂಶೋಧಕರಿದ್ದರು, ಅಂದರೆ ಬರವಣಿಗೆಯೂ ಕೆಲಸದ ಭಾಗ. ಅರವತ್ತು ವರ್ಷದ ನಂತರ, 1997ರಲ್ಲಿ, ಡಗ್ಲಸ್ ಲೆವೀರ್ ಎಂಬುವರು ಅಬಟ್ ನಿಂತ ಜಾಗಗಳನ್ನೇ ಹುಡುಕಿ, ವರ್ಷದ ಅದೇ ಕಾಲ, ದಿನದ ಅದೇ ಹೊತ್ತು ನೋಡಿಕೊಂಡು ಮತ್ತೆ ತೆಗೆಯಲು ಹೊರಟರು.

ನಿಧಾನಶಟರ್

ಹೊತ್ತು ಯಾಕೆ ಮುಖ್ಯ ಅಂದರೆ ನೆರಳು. ಆಚೀಚೆಯ ಮಾಡುಗಳ ನೆರಳು ಗೋಡೆ ಮೇಲೆ ಎಲ್ಲಿಗೆ ಬರುತ್ತೋ ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ. ಬರೆದಿಡಬೇಕಾದ್ದು: ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ ಇತ್ತು, ಯಾವ ಲೆನ್ಸ್, ಯಾವ ಜಾಗ. ಜಿಪಿಎಸ್ ಸಾಲಲ್ಲ, ಇಕ್ಕಟ್ಟು ಬೀದಿಯಲ್ಲಿ ಹಲವು ಮೀಟರ್ ಆಚೀಚೆ ತೋರಿಸುತ್ತೆ. ಅದರ ಬದಲು ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಹಿಡ್ಕೊಳ್ಳಿ. ಈಚೆಯ ಕಂಬದ ಅಂಚಿಗೂ ಆಚೆಯ ಕಿಟಕಿಯ ಮೂಲೆಗೂ ಇರೋ ಅಂತರ ಹಳೇ ಫೋಟೋದಲ್ಲಿ ಇದ್ದ ಹಾಗೇ ಬಂದರೆ ನಿಂತ ಜಾಗ ಸರಿ ಅಂತ. ಆದರೆ ಅಂಗಡಿಯನ್ನೇ ಗುರುತಾಗಿ ಇಟ್ಕೋಬೇಡಿ, ಮುಂದಿನ ಸಲ ಅದಿರಲ್ಲ! ಸುತ್ತಲಿನ ಹಳೇ ಮರ, ಮೂಲೆಮನೆ, ಹೀಗೆ ಹೋಗದೆ ಉಳಿಯೋ ಏನಾದರೂ ಚೌಕಟ್ಟಲ್ಲಿ ಸೇರಿರಲಿ.

ಉಪ್ಪುಖಾರ

ಮರ ಉಳಿಯುತ್ತೆ ಅಂತ ಯಾವ ಧೈರ್ಯದ ಮೇಲೆ ಹೇಳ್ತಿದ್ದೀರೋ 😄

ಹಾಳೆಮಗುಚಿ

ಇನ್ನೊಂದು ದಾರಿಯನ್ನೂ ಹೇಳಿಬಿಡ್ತೀನಿ. ಜೋಯ್ ಲೆನರ್ಡ್ ಎಂಬ ಕಲಾವಿದೆ 1998ರಿಂದ 2009ರವರೆಗೆ, 1940ರ ದಶಕದ ರೋಲಿಫ್ಲೆಕ್ಸ್ ಕ್ಯಾಮೆರಾ ಹಿಡಿದು, ನ್ಯೂಯಾರ್ಕಿನ ತನ್ನ ನೆರೆಹೊರೆಯ ಸಣ್ಣ ಅಂಗಡಿಗಳಿಂದ ಶುರು ಮಾಡಿದರು. ಕೈಬರಹದ ಬೋರ್ಡು, ಅರ್ಧ ಎಳೆದ ಶಟರು, ಬಟ್ಟೆಯ ಮೂಟೆ. ಅಲ್ಲಿಂದ ಆ ಹಳೇ ಬಟ್ಟೆಯ ಮೂಟೆಗಳ ಹಿಂದೆಯೇ ಹೊರಟು ಆಫ್ರಿಕಾದ ಸಂತೆಗಳವರೆಗೆ ಹೋದರು. ಒಟ್ಟು 412 ಚಿತ್ರ ಆಯ್ತು. ಮುಂಜಾವು ಅವರೇ, ನೀವು ಖಂಡ ದಾಟಬೇಕಿಲ್ಲ, ಆದರೆ ಗಡಿಯಾರ ರಿಪೇರಿಯವರ ಬಿಡಿಭಾಗ ಎಲ್ಲಿಂದ ಬರುತ್ತೆ, ಬೈಂಡಿಂಗಿನವರ ರಟ್ಟು ಕೊಡೋರು ಯಾರು ಅಂತ ಕೇಳಿ. ಸಾಮಾನು ಕೊಡೋನು ನಿಲ್ಲಿಸಿದ್ದಕ್ಕೇ ಮುಚ್ಚಿದ ಅಂಗಡಿಗಳಿವೆ, ಆದರೆ ಮುಂದೆ ನಿಂತವರಿಗೆ ಬಾಡಿಗೆ ಒಂದೇ ಕಾಣುತ್ತೆ.

ಕಡತದಕ್ಕ

ಬರೆದ ವಿವರವನ್ನು ಫೈಲಿನ ಒಳಗೇ, ಐಪಿಟಿಸಿ (ಫೋಟೋ ಫೈಲಿನಲ್ಲೇ ವಿವರ ಬರೆದಿಡುವ ಒಂದು ಪದ್ಧತಿ) ಶೀರ್ಷಿಕೆ ಜಾಗದಲ್ಲಿ ತುಂಬಿ. ಜೊತೆಗೆ ಬೇರೆ ಒಂದು ಪಟ್ಟಿಯೂ ಇರಲಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ವಿವರ ಅಳಿಸಿಹೋಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಅದರಲ್ಲಿ ಒಂದು ಮನೆಯ ಹೊರಗೆ. ಸ್ಥಳೀಯ ಗ್ರಂಥಾಲಯ ತೆಗೆದುಕೊಳ್ಳುತ್ತದೆಯೇ ಎಂದು ಈಗಲೇ ಕೇಳಿ, ಎಲ್ಲ ಮುಗಿದ ಮೇಲೆ ಅಲ್ಲ. ಅವರು ಕೇಳುವ ವಿವರ ಬೇರೆಯೇ ಇರಬಹುದು.

ಕೌಂಟರ್_ಹಿಂದಿನವ

ಮುಂಜಾವು ಅವರೇ, ಮಾತು ಶುರು ಮಾಡೋದು ಕಷ್ಟ ಅಂದ್ರಲ್ಲ. ಏನಾದರೂ ಕೊಂಡ್ಕೊಳ್ಳಿ, ಇಲ್ಲ ನಿಂತುಹೋದ ಗಡಿಯಾರ ತಗೊಂಡು ಹೋಗಿ. ರಿಪೇರಿಗೆ ಕೊಟ್ಟರೆ ವಾಪಸ್ ತಗೊಳ್ಳೋಕೆ ಇನ್ನೊಂದು ಸಲ ಹೋಗಲೇಬೇಕು, ಆವತ್ತು ಕ್ಯಾಮೆರಾ ತಗೊಂಡು ಹೋಗಿ. ಬಾಗಿಲು ತೆಗೆದ ತಕ್ಷಣ ಹೋಗಬೇಡಿ, ಮೊದಲ ಬೋಣಿ ಆಗೋವರೆಗೆ ಯಾರಿಗೂ ಮಾತಾಡೋ ಮನಸ್ಸಿರಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಸತ್ತ ಹೊತ್ತು, ಯಾರು ಬಂದರೂ ಖುಷಿ. ಬೆಳಕು ಹೇಗಿರುತ್ತೋ ನಿಮಗೇ ಗೊತ್ತು.

ಮುಂಜಾವು_35

ನಿಂತ ಗಡಿಯಾರ ಮನೇಲೇ ಇದೆ! ಬಾಗಿಲು ಪಶ್ಚಿಮಕ್ಕಿದ್ದರೆ ಆ ಹೊತ್ತಿಗೆ ಬಿಸಿಲು ಕೌಂಟರ್ ತನಕ ಒಳಗೆ ಬರುತ್ತೆ, ನನಗೂ ಅನುಕೂಲವೇ. ಗಿರಣಿಓಣಿ ಅವರೇ, ಒಂದು ಉಳೀತು. ಆ ಗಡಿಯಾರದಂಗಡಿಯಲ್ಲಿ ಅಕ್ಷರ ಓಡೋ ಎಲ್‌ಇಡಿ ಬೋರ್ಡಿದೆ. ಫೋನಲ್ಲಿ ತೆಗೆದರೆ ಅರ್ಧ ಅಕ್ಷರ ಬರುತ್ತೆ, ಒಳಗೆ ಗೋಡೆ ಮೇಲೂ ಕಪ್ಪು ಪಟ್ಟೆ.

ಗಿರಣಿಓಣಿ

ಎರಡೂ ದೀಪದ ಮಿಣುಕಾಟನರಿ. 50 ಹರ್ಟ್ಜ್ ಕರೆಂಟ್ ಇದ್ದಲ್ಲಿ ಒಳಗಿನ ಲೈಟು ಸೆಕೆಂಡಿಗೆ ನೂರು ಸಲ ಮಿಣುಕ್ತಾವ, ಹಂಗಾಗಿ ಕ್ಯಾಮೆರಾದ ಶಟರ್ ವೇಗ 1/50 ಇಲ್ಲಾ 1/100 ಸೆಕೆಂಡ್ ಇಡ್ರಿ. 60 ಹರ್ಟ್ಜ್ ಇದ್ರ 1/60, 1/120. ಗೋಡಿ ಮ್ಯಾಲಿನ ಪಟ್ಟಿ ಹೋಗತೈತಿ. ಕ್ಯಾಮೆರಾದಾಗ ಸೈಲೆಂಟ್ (ಸದ್ದಿಲ್ಲದ ಎಲೆಕ್ಟ್ರಾನಿಕ್) ಶಟರ್ ಚಾಲೂ ಇದ್ರ ಬಂದ್ ಮಾಡ್ರಿ, ಮೆಕ್ಯಾನಿಕಲ್ ಶಟರ್ ಹಚ್ರಿ. ಬೋರ್ಡಿನ ಅಕ್ಷರಕ್ಕ ಇನ್ನೂ ನಿಧಾನ ಬೇಕು, 1/30ರಿಂದ ಶುರು ಮಾಡಿ ನೋಡ್ರಿ. ಅಕ್ಷರ ಓಡಾಕತ್ತಿದ್ರ ಸ್ವಲ್ಪ ಎಳದಂಗ ಬರತಾವ, ನಿಂತ ಕ್ಷಣ ಕಾದು ಒತ್ರಿ. ಆಗಲಿಲ್ಲಂದ್ರ ಅಂಗಡಿಯವ್ರನ್ನ ಕೇಳ್ರಿ, ಎಷ್ಟೋ ಬೋರ್ಡಿನ್ಯಾಗ ಓಡೂದು ನಿಲ್ಲಸಾಕ ಬರತೈತಿ.